ಕತ್ತಲೆ ವಿಭಾಗದ ಮುಖ್ಯಸ್ಥರು

ಮನುಷ್ಯನಿಗೆ ಒಂದು ಕೆಲಸ ಇರುವುದು ಬೇರೆ, ಆ ಕೆಲಸ ಏನೆಂದು ನಾಲ್ಕು ಜನರ ಮುಂದೆ ಹೇಳಲು ಬರುವುದು ಬೇರೆ. ಮಂಪರಣ್ಣನಿಗೆ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಇಷ್ಟೇ ಮೂಲ.

ಮಂಪರಣ್ಣ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ವಾಸವಾಗಿದ್ದ ಐದು ಮಹಡಿಯ ಕಟ್ಟಡದವರು ಪ್ರೀತಿಯಿಂದ ಇಟ್ಟದ್ದು. ರೆಪ್ಪೆ ಸದಾ ಅರ್ಧ ಇಳಿದಿರುತ್ತಿತ್ತು. ಲಿಫ್ಟು ಕೆಳಗಿಂದ ಮೇಲೆ ಬರುವಷ್ಟರಲ್ಲಿ ಅವನು ಒಂದು ನಿದ್ದೆ ಮುಗಿಸಿರುತ್ತಿದ್ದ. ನಿವಾಸಿಗಳ ಸಭೆಗೆ ತಪ್ಪದೆ ಬಂದು, ಹಿಂದಿನ ಸಾಲಿನಲ್ಲಿ ಕೂತು, ಎಲ್ಲ ನಿರ್ಣಯಗಳಿಗೂ ತಲೆ ತೂಗುತ್ತಿದ್ದ. ಅದು ಸಮ್ಮತಿಯಲ್ಲ, ತೂಕಡಿಕೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಣಿಕೆಗೆ ಬೇಕಲ್ಲ, ಸಮ್ಮತಿಯೆಂದೇ ಹಿಡಿಯುತ್ತಿದ್ದರು.

ಅವನು ಆಲಸಿ ಎಂದು ಯಾರೂ ತಿಳಿಯಬಾರದು. ಅವನದು ಬಲು ದಣಿಸುವ ಕೆಲಸ. ಕತ್ತಲಲ್ಲಿ ನೋಡಬಲ್ಲ ಕ್ಯಾಮೆರಾಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಅವನಿದ್ದ. ಆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಟ್ಟು, ಅದು ಎದುರಿಗಿದ್ದದ್ದಕ್ಕೆ ತಾಗಿ ಮರಳಿ ಬರುವುದನ್ನು ಹಿಡಿದು, ಯಾವುದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಹತ್ತಿರದ್ದು ಕೆಂಪು, ನಡುವಿನದು ಹಳದಿ, ದೂರದ್ದು ನೀಲಿ. ಮೂಗು, ಮೀಸೆ, ನಗು, ಅಳು ಒಂದೂ ಕಾಣುವುದಿಲ್ಲ. ಬರೀ ಆಕಾರ, ಬರೀ ಉಬ್ಬುತಗ್ಗು. ಇಂಥ ಯಂತ್ರವನ್ನು ಪರೀಕ್ಷೆ ಮಾಡಬೇಕಾದರೆ ಎದುರಿಗೆ ಏನಾದರೂ ಇರಬೇಕಲ್ಲ? ಮೊದಲು ಬಟ್ಟೆ ಅಂಗಡಿಯ ಗೊಂಬೆಯೊಂದನ್ನು ತಂದು ನಿಲ್ಲಿಸಿದ್ದರು. ಆದರೆ ಗೊಂಬೆ ಉಸಿರಾಡುವುದಿಲ್ಲ. ಎದೆ ಏರಿಳಿಯುವುದನ್ನೂ ಯಂತ್ರ ಗುರುತಿಸಬೇಕಾಗಿತ್ತು. ಮೈ ಕದಲಿಸದೆ ಸುಮ್ಮನೆ ನಿಲ್ಲಬಲ್ಲವರು, ಆದರೆ ಜೀವ ಇರುವವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿದಾಗ ಇಡೀ ಕಂಪನಿ ಒಂದೇ ಬೆರಳಾಗಿ ಪ್ಯಾಕಿಂಗ್ ವಿಭಾಗದ ಮಂಪರಣ್ಣನನ್ನು ತೋರಿಸಿತು.

ಅಂದಿನಿಂದ ಅವನು ಕಿಟಕಿಯಿಲ್ಲದ, ಗೋಡೆಗೆಲ್ಲ ಕಪ್ಪು ಬಳಿದ ಒಂದು ಕೋಣೆಯಲ್ಲಿ ದಿನವಿಡೀ ನಿಲ್ಲುತ್ತಿದ್ದ. ಗೋಡೆಯಾಚೆ ಪರದೆಯ ಮುಂದೆ ಕೂತ ಎಂಜಿನಿಯರಮ್ಮನ ಧ್ವನಿ ಸ್ಪೀಕರಿನಲ್ಲಿ ಬರುತ್ತಿತ್ತು. "ಅಂಕಲ್, ಬಲಗೈ ಎತ್ತಿ. ಇಳಿಸಿ. ಒಂದು ಹೆಜ್ಜೆ ಮುಂದೆ. ಒಂದು ಹೆಜ್ಜೆ ಹಿಂದೆ. ಹಾಗೇ ಇರಿ." ಹಾಗೇ ಇರುವುದು ಸುಲಭ ಅನ್ನುವವರು ಒಂದು ದಿನ ಇದ್ದು ನೋಡಬೇಕು. ಸಂಜೆ ಹೊರಗೆ ಬಂದಾಗ ಅವನಿಗೆ ಬೀದಿ ದೀಪವೂ ಬಯ್ದಂತೆ ಕಾಣುತ್ತಿತ್ತು. ಮನೆಗೆ ಬಂದು ಮಾತಾಡುವಷ್ಟು ತ್ರಾಣ ಇರುತ್ತಿರಲಿಲ್ಲ. ಹಾಗಾಗಿ ಅವನು ಏನು ಮಾಡುತ್ತಾನೆಂಬುದು ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವಳು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದಳು.

ಬಿಡದವನು ಅವಳ ತಮ್ಮ. ಅವನು ಕೆಲಸ ಹುಡುಕುವ ನೆಪದಲ್ಲಿ ಅಕ್ಕನ ಮನೆಗೆ ಬಂದು, ಸೋಫಾದಲ್ಲಿ ಬೇರು ಬಿಟ್ಟಿದ್ದ. ಒಂದು ಸಂಜೆ ಕಟ್ಟಡದ ಕಾರ್ಯದರ್ಶಿ ಮೇಷ್ಟರು ನೀರಿನ ಟ್ಯಾಂಕು ತೊಳೆಸುವ ವಿಚಾರ ಹೇಳಲು ಬಂದಿದ್ದರು. ಅವರು ರೇಖಾಗಣಿತ ಕಲಿಸಿ ನಿವೃತ್ತರಾದವರು; ಜಗತ್ತನ್ನೆಲ್ಲ ಈಗಲೂ ಕೊನೆಯ ಬೆಂಚಿನ ಹುಡುಗರಂತೆ ನೋಡುತ್ತಿದ್ದರು. ಅವರ ಬೆನ್ನಿಗೇ ಕೆಳಮಹಡಿಯ ಹೊಲಿಗೆಯಮ್ಮನೂ ಬಂದಿದ್ದಳು. ಇಷ್ಟು ಜನ ಸೇರಿದ್ದು ಕಂಡು ಭಾವಮೈದನಿಗೆ ಉತ್ಸಾಹ ಬಂತು.

"ಭಾವ, ನೀವು ಆಫೀಸಲ್ಲಿ ಏನು ಮಾಡ್ತೀರಿ ಅಂತ ಇವತ್ತಾದ್ರೂ ಹೇಳಿಬಿಡಿ."

ಮಂಪರಣ್ಣ ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ. "ನಮ್ಮ ಕಂಪನಿ ಕತ್ತಲಲ್ಲಿ ನೋಡೋ ಯಂತ್ರ ಮಾಡುತ್ತೆ. ನಾನು ಕತ್ತಲೆ ವಿಭಾಗದಲ್ಲಿ ಇದ್ದೀನಿ. ಅಲ್ಲಿ ಎಲ್ಲಾದಕ್ಕೂ ಮುಂದೆ ನಿಲ್ಲೋನು ನಾನೇ," ಅಂದ.

"ಮುಂದೆ ನಿಂತು ನಡೆಸೋರು ನೀವೇನಾ!"

"ಎಂಜಿನಿಯರುಗಳೆಲ್ಲ ನನ್ನನ್ನೇ ನೋಡ್ತಾ ಇರ್ತಾರೆ. ನಾನು ಕೈ ಎತ್ತಿದ ಮೇಲೇ ಮುಂದಿನ ಕೆಲಸ. ನಾನು ರಜಾ ಹಾಕಿದ್ರೆ ಅವತ್ತು ಎಲ್ಲಾ ನಿಲ್ಲುತ್ತೆ."

ಒಂದಕ್ಷರ ಸುಳ್ಳಿಲ್ಲ. ಸತ್ಯಕ್ಕೆ ಒಬ್ಬ ಭಾವಮೈದ ಸಿಕ್ಕರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಷ್ಟೇ ಪ್ರಶ್ನೆ.

"ಹಾಗಾದ್ರೆ ನೀವು ವಿಭಾಗದ ಮುಖ್ಯಸ್ಥರು!" ಎಂದು ಅವನು ಎದ್ದೇ ನಿಂತ.

ಹಾಗಲ್ಲಪ್ಪ ಎಂದು ಹೇಳಲು ಮಂಪರಣ್ಣ ಬಾಯಿ ತೆರೆದ. ತೆರೆದ ಬಾಯಿಯಿಂದ ಮಾತಿನ ಬದಲು ಆಕಳಿಕೆ ಬಂತು. ಅದರ ಭಾರಕ್ಕೆ ತಲೆ ಮುಂದಕ್ಕೆ ಬಾಗಿತು. ಹೌದೆಂದು ಒಪ್ಪಿಕೊಂಡಂತಾಯಿತು. ಅಷ್ಟರಲ್ಲಿ ಹೆಂಡತಿಯ ಮುಖ ನೋಡಿದ. ಮದುವೆಯಾದ ಮೇಲೆ ಅಂಥ ಬೆಳಕು ಅಲ್ಲಿ ಕಂಡಿರಲಿಲ್ಲ. ಅದನ್ನು ಆರಿಸುವ ಧೈರ್ಯ ಅವನಿಗೆ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಮಲಗಿಬಿಟ್ಟ.

ನಾಳೆಗೆ ತಡವಾಗಿತ್ತು. ಬೆಳಗಾಗುವಷ್ಟರಲ್ಲಿ ಸುದ್ದಿ ಐದೂ ಮಹಡಿ ಏರಿ ಇಳಿದಿತ್ತು. ಕತ್ತಲಲ್ಲಿ ನೋಡುವ ಯಂತ್ರ ಎಂಬುದು ಮೂರನೇ ಮಹಡಿಗೆ ಹೋಗುವಾಗ ಗೋಡೆಯಾಚೆ ನೋಡುವ ಯಂತ್ರವಾಯಿತು, ಐದನೆಯದರಲ್ಲಿ ಬಟ್ಟೆಯೊಳಗೂ ನೋಡುವ ಯಂತ್ರವಾಯಿತು. ಹೊಲಿಗೆಯಮ್ಮ ತನ್ನ ಕಿಟಕಿಗೆ ಎರಡು ಪದರದ ಪರದೆ ಹಾಕಿ, ಸಾಲದೆಂದು ಮೇಲೊಂದು ಕಂಬಳಿ ಇಳಿಬಿಟ್ಟಳು.

"ನಿಮ್ಮ ಮೇಲೆ ಅನುಮಾನ ಅಂತಲ್ಲಣ್ಣ," ಎಂದಳು ಮೆಟ್ಟಿಲಲ್ಲಿ ಸಿಕ್ಕಿ, ಸೆರಗು ಎರಡು ಸುತ್ತು ಬಿಗಿದುಕೊಂಡು. "ನೀವು ಒಳ್ಳೆಯವರು. ಆದ್ರೆ ಯಂತ್ರ ಹೇಗೋ ಏನೋ."

"ಅದು ಅಂಥದ್ದಲ್ಲಮ್ಮ."

"ಎಲ್ಲಾರೂ ಹಾಗೇ ಹೇಳೋದು."

ಎದುರು ಮನೆಯ ಹಲ್ಲಿನ ಡಾಕ್ಟರು ಬಾಗಿಲು ತಟ್ಟಿ, ಬಾಯೊಳಗಿನ ಕತ್ತಲೆಗೂ ಇದು ನಡೆಯುತ್ತಾ, ರೋಗಿಗಳು ಬಾಯಿ ಪೂರ್ತಿ ತೆರೆಯುವುದೇ ಇಲ್ಲ ಎಂದು ಕಷ್ಟ ತೋಡಿಕೊಂಡರು. ಯಾರೋ ಕಿವಿಯೋಲೆ ಕಳೆದುಕೊಂಡವರು ಬಂದರು. ಗಂಡ ಸಿಗರೇಟನ್ನು ಎಲ್ಲಿ ಬಚ್ಚಿಡುತ್ತಾನೆ ನೋಡಿ ಹೇಳಿ ಎಂದು ಇನ್ನೊಬ್ಬರು. ಎಲ್ಲರಿಗೂ ಮಂಪರಣ್ಣ ಒಂದೇ ಉತ್ತರ ಕೊಟ್ಟ: "ನೋಡೋಣ." ಅದು ದಣಿದವರ ಉತ್ತರ. ಕೇಳಿದವರಿಗೆ ಅದು ದೊಡ್ಡ ಅಧಿಕಾರಿಯ ಉತ್ತರದಂತೆ ಕೇಳಿಸಿತು.

ಇಷ್ಟರಲ್ಲಿ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಕಟ್ಟಡಕ್ಕೆ ಒಂದು ನೆಲಮಾಳಿಗೆ ಇತ್ತು.

ಅಲ್ಲಿ ನೀರು ಮೇಲೆತ್ತುವ ಪಂಪಿನ ಕೋಣೆ, ಅದರಾಚೆ ಹಿಂದಿನ ಗೇಟು. ತೇವಕ್ಕೆ ಅಲ್ಲಿ ಯಾವ ಬಲ್ಬೂ ವಾರಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಬಾಳದ ಬಲ್ಬಿಗೆ ಯಾಕೆ ಖರ್ಚು ಎಂದು ಮೇಷ್ಟರು ಹಾಕಿಸುವುದನ್ನೇ ನಿಲ್ಲಿಸಿದ್ದರು. ಮಟಮಟ ಮಧ್ಯಾಹ್ನವೂ ಅಲ್ಲಿ ಕೈಗೆ ಕೈ ಕಾಣದು. ಮೊದಲು ಕಸದ ತೊಟ್ಟಿ ಪಂಪಿನ ಕೋಣೆಯ ಪಕ್ಕದಲ್ಲೇ ಇತ್ತು. ಅದನ್ನು ಬೀದಿ ಮೂಲೆಗೆ ಸಾಗಿಸಬೇಕೆಂದು ಸಭೆಯಲ್ಲಿ ನಿರ್ಣಯವಾಗಿ, ಸಾಗಿಸಿಯೂ ಆಗಿತ್ತು. ಆದರೆ ಕೆಲವು ದಿನಗಳಿಂದ ತೊಟ್ಟಿ ಇದ್ದ ಜಾಗದಲ್ಲಿ ಯಾರೋ ಕಸದ ಚೀಲ ಇಟ್ಟು ಹೋಗುತ್ತಿದ್ದರು. ಮೊದಲು ಒಂದು. ಆಮೇಲೆ ನಾಲ್ಕು. ಆಮೇಲೆ ಗುಡ್ಡೆ. ಲಿಫ್ಟು ಕೆಳಗಿಳಿದು, ವಾಸನೆಯನ್ನು ಹತ್ತಿಸಿಕೊಂಡು, ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಇಳಿಸಿ ಹೋಗುತ್ತಿತ್ತು.

ಮೇಷ್ಟರು ವಾಚ್‌ಮನ್ನನ್ನು ಕರೆಸಿದರು. ಮಂಡಿ ಹಿಡಿದುಕೊಂಡ ಹಿರಿಯ ಅವನು, ಮೂರು ಮೆಟ್ಟಿಲಿಳಿಯಲು ಮೂರು ಸಲ ದೇವರನ್ನು ನೆನೆಯುತ್ತಿದ್ದ.

"ಯಾರು ಹಾಕ್ತಿರೋದು?"

"ನಾನಿರೋದು ಮುಂದಿನ ಗೇಟಲ್ಲಿ ಸಾರ್. ಬೇಸ್‌ಮೆಂಟಿನ ಕತ್ತಲೆ ನನ್ನ ಕಣ್ಣಿಗೆ ಹತ್ತಲ್ಲ."

"ಒಂದೋ ನೀನೇ ಹಾಕ್ತಿದೀಯ, ಇಲ್ಲ ಹಾಕೋರನ್ನ ಬಿಡ್ತಿದೀಯ. ಮೂರನೇ ಸಾಧ್ಯತೆ ಇಲ್ಲ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಸಭೆ. ಅಷ್ಟರಲ್ಲಿ ಹಿಡಿದುಕೊಡು, ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ."

ಈ ವಯಸ್ಸಲ್ಲಿ ಎಲ್ಲಿ ಹೋಗಲಿ ಸಾರ್ ಎಂದು ಅವನು ಗೊಣಗಿದ್ದು ಮೇಷ್ಟರ ಕಿವಿಗೆ ಬೀಳಲಿಲ್ಲ. ಅವರಿಗೆ ಆಗಲೇ ಇನ್ನೊಂದು ಹೊಳೆದಿತ್ತು. ನೇರ ಮಂಪರಣ್ಣನ ಮನೆಗೆ ಬಂದರು.

"ನಿಮ್ಮ ಯಂತ್ರ ಒಂದು ತಂದು ಹಾಕಿ. ಯಾರಿಗೂ ಹೇಳೋದು ಬೇಡ. ನನಗೆ, ನಿಮಗೆ, ಮನೆಯವರಿಗೆ ಗೊತ್ತಿದ್ರೆ ಸಾಕು. ಮುಖ್ಯಸ್ಥರು ನೀವು, ಕೇಳೋರು ಯಾರು!"

ಮುಖ್ಯಸ್ಥರು ಹೆಂಡತಿಯ ಕಡೆ ನೋಡಿದರು. ಅವಳು, "ತರ್ತಾರೆ ಬಿಡಿ, ಅದೇನು ಮಹಾ," ಎಂದಳು.

ಮಂಪರಣ್ಣ ಹೇಗೆ ಕೇಳುವುದೆಂದು ತಿಳಿಯದೆ ಕಪ್ಪು ಕೋಣೆಯಲ್ಲಿ ನಿಂತಲ್ಲೇ ಗೋಡೆಗೆ ಹೇಳಿದ. ವಾಚ್‌ಮನ್ನಿನ ಮಂಡಿ, ಕೆಲಸ, ಭಾನುವಾರ ಎಲ್ಲವನ್ನೂ ಹೇಳಿದ. ಸ್ಪೀಕರು ಒಮ್ಮೆ ಕೆಮ್ಮಿತು. ಆಮೇಲೆ, "ಹಳೇದೊಂದು ಬೀರು ಮೇಲಿದೆ ಅಂಕಲ್. ಮೇಲಿನವರನ್ನ ಕೇಳಿ ಕೊಡಿಸ್ತೀನಿ. ತೇವದ ಜಾಗದಲ್ಲಿ ಹೇಗೆ ನೋಡುತ್ತೆ ಅಂತ ನಮಗೂ ಗೊತ್ತಾಗುತ್ತೆ. ಸಭೆಯ ದಿನ ನಾನೇ ಬಂದು ಅದರಲ್ಲೇನಿದೆ ತೋರಿಸ್ತೀನಿ," ಎಂದಿತು.

ನೀವು ಬರುವುದು ಬೇಡ ಎನ್ನಬೇಕೆಂದು ಅವನಿಗೆ ಬಹಳ ಅನಿಸಿತು. ಅಷ್ಟರಲ್ಲಿ, "ಬಲಗೈ ಎತ್ತಿ ಅಂಕಲ್," ಎಂದಳು. ಎತ್ತಿದ.

ಸಭೆಗೆ ಒಂದು ವಾರ ಮೊದಲಿನ ಭಾನುವಾರ ಬೆಳಗ್ಗೆ ಅವನು ಡಬ್ಬಿಯಂಥ ಆ ಹಳೇ ಕ್ಯಾಮೆರಾವನ್ನು ಪಂಪಿನ ಕೋಣೆಯ ಎದುರಿನ ಕಂಬಕ್ಕೆ ಕಟ್ಟಿ ತಂತಿ ಸಿಕ್ಕಿಸಿದ. "ನಾಳೆಯಿಂದ ನೋಡುತ್ತೆ ತಾನೇ?" ಎಂದು ಮೇಷ್ಟರು ಪಿಸುಗುಟ್ಟಿದರು. "ಹೂಂ," ಎಂದ ಮಂಪರಣ್ಣ. ತಾನೇ ಎಂದು ಯಾರು ಏನು ಕೇಳಿದರೂ ಅವನ ಉತ್ತರ ಅದೇ ಆಗಿತ್ತು. ತಂತಿ ಸಿಕ್ಕಿಸಿದ ಗಳಿಗೆಯಿಂದ ಡಬ್ಬಿ ನೋಡುತ್ತಿತ್ತು.

ಒಂದು ವಾರ ಕಳೆಯಿತು. ಗುಡ್ಡೆ ಬೆಳೆಯಿತು. ಮುಂದಿನ ಭಾನುವಾರ ಮೇಷ್ಟರ ಹಜಾರದಲ್ಲಿ ಕಟ್ಟಡವೆಲ್ಲ ನೆರೆಯಿತು. ಹೊಲಿಗೆಯಮ್ಮ, ಹಲ್ಲಿನ ಡಾಕ್ಟರು, ಮಂಪರಣ್ಣನ ಸಂಸಾರ, ಇನ್ನೂ ಹತ್ತಾರು ಮಂದಿ. ವಾಚ್‌ಮನ್ ಬಾಗಿಲ ಹೊರಗೆ, ತೀರ್ಪಿಗೆ ಕಾದವನಂತೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನೆಲಮಾಳಿಗೆಯಲ್ಲಿ ವಾರದಿಂದ ಒಂದು ಯಂತ್ರ ಕಣ್ಣು ಬಿಟ್ಟುಕೊಂಡು ಕೂತಿದೆಯೆಂದು ಮೇಷ್ಟರು ಆಗ ಘೋಷಿಸಿದರು. ಹಜಾರದಲ್ಲಿ ಒಮ್ಮೆಲೇ ಕೆಮ್ಮು ಹೆಚ್ಚಾಯಿತು. ಆ ಕೆಮ್ಮು ಯಾಕೆಂದು ಆಗ ಯಾರೂ ಯೋಚಿಸಲಿಲ್ಲ.

ಎಂಜಿನಿಯರಮ್ಮ ಬಂದಳು. ರಜಾದಿನವೂ ಕೆಲಸ ಬಿಡದವರ ಕಣ್ಣು ಅವಳದು. ಭುಜಕ್ಕೆ ಒಂದು ಚೀಲ, ಕೈಯಲ್ಲಿ ಲ್ಯಾಪ್‌ಟಾಪು. ಮೇಷ್ಟರ ಟಿವಿಗೆ ಅದನ್ನು ಜೋಡಿಸಿ, "ಎಲ್ಲಿಂದ ತೋರಿಸಲಿ?" ಎಂದಳು.

"ಸೋಮವಾರ ಬೆಳಗ್ಗೆಯಿಂದ," ಎಂದರು ಮೇಷ್ಟರು ಖಚಿತವಾಗಿ.

ಪರದೆಯ ಮೇಲೆ ನೀಲಿ ಗೋಡೆ, ಹಸಿರು ಗುಡ್ಡೆ. ಆಮೇಲೆ ಎಡಗಡೆಯಿಂದ ಹಳದಿ ಆಕಾರವೊಂದು ಬಂತು. ಕೈಯಲ್ಲಿ ಚೀಲ. ನಿಧಾನವಾಗಿ ನಡೆದು, ಚೀಲವನ್ನು ಗುಡ್ಡೆಯ ಮೇಲೆ ಮಗುವನ್ನು ಮಲಗಿಸುವಂತೆ ಮಲಗಿಸಿತು.

"ವಾಚ್‌ಮನ್!" ಎಂದರು ಮೇಷ್ಟರು. "ಆ ನಡಿಗೆ ನೋಡಿ!"

"ಸಾರ್, ನನ್ನ ಮಂಡಿ ಅಷ್ಟು ಬಗ್ಗಲ್ಲ," ಎಂದ ವಾಚ್‌ಮನ್ ಹೊರಗಿನಿಂದ.

"ವಾಚ್‌ಮನ್ ಅಲ್ಲ, ಇದು ಡಾಕ್ಟರು," ಎಂದಳು ಹೊಲಿಗೆಯಮ್ಮ. "ನಾನು ಅಳತೆ ತಗೊಂಡಿದ್ದೀನಿ. ಆ ಹೊಟ್ಟೆ ನನಗೆ ಗೊತ್ತಿಲ್ವಾ?"

"ಏನಮ್ಮಾ ಇದು!" ಎಂದು ಡಾಕ್ಟರು ಹೊಟ್ಟೆ ಒಳಗೆಳೆದುಕೊಂಡರು. "ಸೋಮಾರಿ ನಡಿಗೆ ಅದು. ಸೋಫಾದಿಂದ ಎದ್ದು ಬಂದವನ ನಡಿಗೆ." ಹೇಳುತ್ತ ಭಾವಮೈದನ ಕಡೆ ನೋಡಿದರು.

"ನಾನು ಅಷ್ಟು ಬೆಳಗ್ಗೆ ಏಳಲ್ಲ!" ಎಂದು ಭಾವಮೈದ ತನ್ನ ಜೀವನದ ಅತ್ಯಂತ ಪ್ರಾಮಾಣಿಕ ಮಾತನ್ನು ಹೇಳಿದ.

ಮುಖವಿಲ್ಲದ ಮನುಷ್ಯ ಎಷ್ಟು ಅನುಕೂಲ ನೋಡಿ. ಅಲ್ಲಿದ್ದವರೆಲ್ಲ ತಮಗೆ ಆಗದವರ ಮುಖವನ್ನು ತಂದು ಅವನಿಗೆ ಅಂಟಿಸಿದರು. ಒಬ್ಬರು ಬಾಡಿಗೆದಾರನನ್ನು ಕಂಡರು, ಇನ್ನೊಬ್ಬರು ಸೊಸೆಯ ತಂದೆಯನ್ನು ಕಂಡರು. ಆತ ಬೇರೆ ಊರಿನಲ್ಲಿದ್ದಾನೆಂಬುದು ಅಡ್ಡಿಯಾಗಲಿಲ್ಲ. ಮಂಪರಣ್ಣನ ಹೆಂಡತಿ ಮಾತ್ರ ಟಿವಿಯ ಹತ್ತಿರಕ್ಕೆ ಬಾಗಿದಳು. ಚೀಲದ ಬಾಯಿಗೆ ಹಾಕಿದ್ದ ಗಂಟಿನ ಎರಡು ಕಿವಿಗಳು ಮೊಲದಂತೆ ಎದ್ದು ನಿಂತದ್ದನ್ನೇ ಅವಳು ನೋಡುತ್ತಿದ್ದಳು.

ಪರದೆಯ ಮೇಲಿನ ಆಕಾರ ಗೋಡೆಗೆ ಒರಗಿತು. ಒರಗಿದ್ದು ಕದಲಲಿಲ್ಲ.

"ಚಿತ್ರ ನಿಂತುಹೋಯ್ತೇನಮ್ಮ?" ಎಂದರು ಡಾಕ್ಟರು.

"ಇಲ್ಲ, ಓಡ್ತಾ ಇದೆ. ಎದೆ ನೋಡಿ, ಉಸಿರು ಆಡ್ತಿದೆ. ನಿದ್ದೆ ಮಾಡ್ತಿದ್ದಾರೆ," ಎಂದಳು ಎಂಜಿನಿಯರಮ್ಮ. ಅವಳ ಹುಬ್ಬು ಮೆಲ್ಲನೆ ಮೇಲೇರಿತ್ತು.

ಕಳ್ಳನೊಬ್ಬ ನಿದ್ದೆ ಮಾಡುವುದನ್ನು ಸಭೆ ಬಾಯಿ ಬಿಟ್ಟುಕೊಂಡು ನೋಡಿತು. ಬಹಳ ಹೊತ್ತಾದ ಮೇಲೆ ಅವನು ಎದ್ದ. ನೇರ ಕ್ಯಾಮೆರಾದ ಎದುರಿಗೆ ಬಂದು ನಿಂತ. ಬಲಗೈ ಎತ್ತಿದ. ಇಳಿಸಿದ. ಒಂದು ಹೆಜ್ಜೆ ಮುಂದೆ ಇಟ್ಟ. ಒಂದು ಹೆಜ್ಜೆ ಹಿಂದೆ ಇಟ್ಟ. ಸ್ವಲ್ಪ ಹೊತ್ತು ಹಾಗೇ ಇದ್ದು, ಹಿಂದಿನ ಗೇಟಿನ ಕಡೆ ಹೊರಟುಹೋದ.

"ಅಣಕಿಸ್ತಿದಾನೆ!" ಎಂದು ಮೇಷ್ಟರು ಗುಡುಗಿದರು. "ನಮ್ಮನ್ನ ಅಣಕಿಸ್ತಿದಾನೆ!"

"ಜೊತೆಗಾರರಿಗೆ ಸನ್ನೆ ಮಾಡಿದ್ದು," ಎಂದ ಭಾವಮೈದ. "ಒಂದು ಗುಂಪೇ ಇದೆ."

ಎಂಜಿನಿಯರಮ್ಮ ಅಷ್ಟರಲ್ಲಿ ಎರಡೂ ಕೈ ತಟ್ಟಿ ನಕ್ಕಳು. ದಣಿದ ಮುಖದ ಮೇಲೆ ಆ ನಗು ತೀರ ಚಿಕ್ಕ ಹುಡುಗಿಯದರಂತೆ ಕಂಡಿತು. "ಅಯ್ಯೋ, ಇದು ನಮ್ಮ ಅಂಕಲ್! ಎಡಭುಜ ನೋಡಿ, ಎರಡು ಬೆರಳು ಕೆಳಗಿದೆ. ದಿನಾ ಬೆಳಗ್ಗೆಯಿಂದ ಸಂಜೆವರೆಗೂ ನೋಡ್ತೀನಿ ನಾನು. ಬೆಳಕಲ್ಲಿ ಬಂದ್ರೆ ಮುಖ ಗುರುತು ಸಿಗದೇ ಇರಬಹುದು, ಕತ್ತಲಲ್ಲಿ ಸಾವಿರ ಜನರ ಮಧ್ಯ ನಿಂತಿದ್ರೂ ಹಿಡಿದುಬಿಡ್ತೀನಿ. ನಮ್ಮ ಯಂತ್ರ ಶುರು ಮಾಡೋ ಮೊದಲು ಅವರು ಮುಂದೆ ನಿಂತು ಇಷ್ಟು ಮಾಡ್ತಾರೆ. ನಿದ್ದೆಗಣ್ಣಲ್ಲೂ ಮರೆತಿಲ್ಲ ನೋಡಿ, ಪಾಪ!"

ಎಲ್ಲರ ತಲೆಗಳೂ ಟಿವಿಯಿಂದ ಮಂಪರಣ್ಣನ ಕಡೆ ತಿರುಗಿದವು.

"ಮುಂದೆ ಅಂದ್ರೆ?" ಎಂದರು ಮೇಷ್ಟರು. "ಎಲ್ಲಿ ಮುಂದೆ?"

"ಕ್ಯಾಮೆರಾ ಮುಂದೆ ಸಾರ್. ಅವರನ್ನ ನೋಡಿಯೇ ನಾವು ಯಂತ್ರ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋದು."

"ಅಂದ್ರೆ ಇವರು ಮುಖ್ಯಸ್ಥರಲ್ಲ. ಕಂಬ!"

"ಉಸಿರಾಡೋ ಕಂಬ," ಎಂದು ಯಾರೋ ತಿದ್ದಿದರು.

ಮಂಪರಣ್ಣ ಎದ್ದು ನಿಂತ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಕೆಲಸಕ್ಕೆ ಹೊರಡುವಾಗ ಹೆಂಡತಿ ಮೊಲದ ಕಿವಿಯಂತೆ ಗಂಟು ಹಾಕಿದ ಕಸದ ಚೀಲ ಕೈಗೆ ಕೊಡುತ್ತಿದ್ದುದು ನೆನಪಿತ್ತು. ಬಸ್ಸಿನಲ್ಲಿ ಕೂತಾಗ ಕೈ ಖಾಲಿ ಇರುತ್ತಿದ್ದುದೂ ನೆನಪಿತ್ತು. ನಡುವೆ ಏನು ನಡೆಯುತ್ತಿತ್ತು ಎಂದು ಯಾವತ್ತೂ ಯೋಚಿಸಿರಲಿಲ್ಲ. "ತೊಟ್ಟಿ... ಅಲ್ಲೇ ಇಲ್ವಾ ಈಗ?" ಎಂದು ಕೇಳಿದ.

"ಸಾಗಿಸೋಣ ಅಂದಾಗ ಸಭೇಲಿ ನೀವೇ ತಲೆ ಆಡಿಸಿದ್ರಲ್ರೀ!" ಎಂದು ಮೇಷ್ಟರು ಕಿರುಚಿದರು. "ಒಬ್ಬ ಮನುಷ್ಯ ಇಷ್ಟು ದೊಡ್ಡ ಗುಡ್ಡೆ! ತೋರಿಸಮ್ಮ, ಇನ್ನೂ ತೋರಿಸು. ದಿನಾ ಎಷ್ಟು ಚೀಲ ತಂದು ಸುರಿದಿದ್ದಾರೆ ಎಲ್ಲರೂ ನೋಡಲಿ!"

ಗೆದ್ದವರು ಅಲ್ಲಿಗೇ ನಿಲ್ಲಿಸಬೇಕು. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

ಎಂಜಿನಿಯರಮ್ಮ ಚಿತ್ರ ಮುಂದೆ ಓಡಿಸಿದಳು. ಮಂಪರಣ್ಣನ ಆಕಾರ ಮರೆಯಾಗಿ ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಗಿಡ್ಡ, ಅಗಲ, ಸೆರಗು ಎರಡು ಸುತ್ತು ಬಿಗಿದದ್ದು. ಅತ್ತ ನೋಡಿ, ಇತ್ತ ನೋಡಿ, ಚೀಲ ಎಸೆದು ಓಡಿತು. ಹೊಲಿಗೆಯಮ್ಮ ಇದ್ದಕ್ಕಿದ್ದಂತೆ ತನ್ನ ಬಳೆಗಳನ್ನು ಎಣಿಸತೊಡಗಿದಳು. ಮುಂದೆ ಬಂದದ್ದಕ್ಕೆ ಹೊಟ್ಟೆ ಇತ್ತು. ಚೀಲ ಇಡುವ ಮುನ್ನ ಒಂದು ಕೈಯಿಂದ ಮೂಗು ಮುಚ್ಚಿಕೊಂಡಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಆಮೇಲೆ ಉದ್ದದ್ದು, ಕುಂಟುವುದು, ಗಂಡ ಹೆಂಡತಿ ಒಂದೇ ಚೀಲದ ಎರಡು ಕಿವಿ ಹಿಡಿದು ಬಂದದ್ದು. ಒಂದು ಚೀಲ ಬಿದ್ದಿದೆಯೆಂದರೆ ಅಲ್ಲಿ ಇಡಬಹುದು ಎಂದರ್ಥ. ಬೀದಿ ಮೂಲೆಯವರೆಗೆ ನಡೆಯುವ ಶಕ್ತಿ ಬೆಳಗಿನ ಹೊತ್ತು ಯಾರಿಗಿದೆ? ಪರದೆಯ ಮೇಲೆ ಅವರು ಸಾಲಾಗಿ ಬಂದು ಹೋದರು. ಹಜಾರದಲ್ಲಿ ಕೂತವರು ಒಬ್ಬರಾದ ಮೇಲೆ ಒಬ್ಬರು ನೆಲ ನೋಡಿದರು.

"ಸಾಕಮ್ಮ, ನಿಲ್ಲಿಸು," ಎಂದರು ಡಾಕ್ಟರು ಮೆತ್ತಗೆ.

"ಯಾಕೆ ನಿಲ್ಲಿಸಬೇಕು?" ಎಂದರು ಮೇಷ್ಟರು. ಇಡೀ ಕಟ್ಟಡವನ್ನು ಬೆಂಚಿನ ಮೇಲೆ ನಿಲ್ಲಿಸುವ ಅವಕಾಶ ಮನುಷ್ಯನಿಗೆ ಒಮ್ಮೆ ಸಿಗುವುದು. ಅವರ ಕಣ್ಣಲ್ಲಿ ನೀರೇ ಬಂದಿತ್ತು. "ಸೋಮವಾರ ಮುಗೀತಾ? ಮಂಗಳವಾರ ಹಾಕು!"

"ಸೋಮವಾರಕ್ಕಿಂತ ಮುಂಚೇನೂ ಒಂದಿದೆ ಸಾರ್, ಭಾನುವಾರ ಸಂಜೆದು," ಎಂದಳು ಎಂಜಿನಿಯರಮ್ಮ, ಒತ್ತಿಯೂ ಬಿಟ್ಟಳು.

ನೀಲಿ ಗೋಡೆಯ ಮುಂದೆ ಒಂದು ಆಕಾರ ಬಂತು. ಬೆನ್ನು ಅಡಿಕೋಲಿನಷ್ಟು ನೇರ. ಎರಡೂ ಕೈ ಹಿಂದಕ್ಕೆ ಕಟ್ಟಿದ್ದು, ಆ ಕೈಗಳಲ್ಲಿ ಎರಡು ಚೀಲ. ತರಗತಿಯಲ್ಲಿ ಬೆಂಚುಗಳ ನಡುವೆ ಅಡ್ಡಾಡುವಂತೆ ಗುಡ್ಡೆಯ ಸುತ್ತ ಒಂದು ಸುತ್ತು ಬಂದು, ಚೀಲಗಳನ್ನು ಇಳಿಸಿ, ಒಂದನ್ನು ಕಾಲಿನಿಂದ ತಳ್ಳಿ ಇನ್ನೊಂದಕ್ಕೆ ಸಮಾನಾಂತರವಾಗಿ ಜೋಡಿಸಿ, ಹೊರಟುಹೋಯಿತು.

ಯಾರೂ ಹೆಸರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಮೇಷ್ಟರು ಕೈಗಳನ್ನು ಹಿಂದಿನಿಂದ ಮುಂದಕ್ಕೆ ತಂದು, ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಜೇಬಿನಲ್ಲಿ ಇಟ್ಟುಕೊಂಡರು. "ನಾಳೆಯಿಂದ ಅಂದಿದ್ರಿ..." ಎಂದರು ಮಂಪರಣ್ಣನಿಗೆ, ಬಹಳ ಸಣ್ಣ ಧ್ವನಿಯಲ್ಲಿ.

ಅದೇ ಹೊತ್ತಿಗೆ ವಾಚ್‌ಮನ್ ಬಾಗಿಲಲ್ಲಿ ತಲೆ ಹಾಕಿ, "ಆರೋಗ್ಯ ಇಲಾಖೆಯವರು ಬಂದಿದ್ದಾರೆ," ಎಂದ.

ನಿರೀಕ್ಷಕರು ಒಳಗೆ ಬಂದರು. ಯಾರೋ ವಾಸನೆಯ ಬಗ್ಗೆ ದೂರು ಕೊಟ್ಟಿದ್ದರಂತೆ. ವಾರದ ದಿನ ಬಂದರೆ ಯಾರೂ ಮನೆಯಲ್ಲಿ ಇರುವುದಿಲ್ಲವೆಂದು ಭಾನುವಾರ ಬಂದಿದ್ದರು. ಬೆಳಗ್ಗೆಯಿಂದ ಎಷ್ಟು ನೆಲಮಾಳಿಗೆ ಇಳಿದು ಹತ್ತಿದ್ದರೋ, ಖಾಲಿ ಕುರ್ಚಿ ಕಂಡೊಡನೆ ಕುಸಿದು ಕೂತು ನೀರು ಕೇಳಿದರು. ಕುಡಿದು, ಬಾಯಿ ಒರೆಸಿ, "ಕೆಳಗಿರೋದು ಯಾರ ಕಸ?" ಎಂದರು.

ಹೊಲಿಗೆಯಮ್ಮ ಮತ್ತೆ ಬಳೆ ಎಣಿಸಿದಳು.

"ಇದೇನು ಟಿವಿಯಲ್ಲಿ?"

"ಕತ್ತಲಲ್ಲಿ ನೋಡೋ ಯಂತ್ರ ಸಾರ್," ಎಂದ ಭಾವಮೈದ ಅಭ್ಯಾಸಬಲದಿಂದ. ಹತ್ತು ಕೈಗಳು ಅವನ ಅಂಗಿ ಜಗ್ಗಿದವು.

"ಓಹೋ. ಹಾಗಾದ್ರೆ ಅದರಲ್ಲಿ ಸಿಕ್ಕಿರಬೇಕಲ್ಲ."

"ಅದು ಸರಿಯಿಲ್ಲ ಸಾರ್!" ಎಂದಳು ಹೊಲಿಗೆಯಮ್ಮ. "ಎಲ್ಲಾರೂ ದಪ್ಪ ಕಾಣ್ತಾರೆ."

"ಬರೀ ಮಸುಕು," ಎಂದರು ಡಾಕ್ಟರು. "ಹಳೇ ಯಂತ್ರ, ತೇವ ಬೇರೆ."

"ಮಸುಕಲ್ಲ!" ಎಂದಳು ಎಂಜಿನಿಯರಮ್ಮ. ಅವಳ ಕಿವಿ ಕೆಂಪಾಗಿತ್ತು. "ಉಸಿರಾಟ ಕೂಡ ಕಾಣ್ತಿದೆ."

ಮೇಷ್ಟರಿಗೆ ಮಾತು ಮರಳಿತು. ದಾರಿ ಕಂಡಿತ್ತು. "ಇವರಿದ್ದಾರಲ್ಲ ಸಾರ್," ಎಂದು ಮಂಪರಣ್ಣನ ಭುಜ ಹಿಡಿದು ಮುಂದಕ್ಕೆ ತಂದರು, "ಇವರು ಅದೇ ಕಂಪನಿಯ ಕತ್ತಲೆ ವಿಭಾಗದ ಮುಖ್ಯಸ್ಥರು. ಇವರನ್ನೇ ಕೇಳಿ. ಹೇಳಿ ಮುಖ್ಯಸ್ಥರೇ, ಯಂತ್ರ ಕೆಟ್ಟಿದೆ ತಾನೇ?"

ಕಂಬವಾಗಿದ್ದವನಿಗೆ ಪದವಿ ಮರಳಿ ಸಿಕ್ಕಿತ್ತು. ಇಡೀ ಕಟ್ಟಡ ಕೈ ಮುಗಿಯುವವರ ಕಣ್ಣಲ್ಲಿ ಅವನನ್ನು ನೋಡಿತು. ಹೂಂ ಎಂದರೆ ಮುಗಿಯಿತು. ಹೂಂ ಎನ್ನುವುದು ಅವನಿಗೆ ಬಲು ಸುಲಭ. ಅವನು ಎಂಜಿನಿಯರಮ್ಮನ ಕಡೆ ನೋಡಿದ, ಬಾಗಿಲಲ್ಲಿ ನಿಂತ ವಾಚ್‌ಮನ್ನಿನ ಟೋಪಿ ನೋಡಿದ.

"ಇಲ್ಲ ಸಾರ್," ಎಂದ. "ಯಂತ್ರ ಸರಿಯಾಗಿದೆ. ನಾನು ಅದರ ಮುಂದೆ ನಿಲ್ಲೋನು ಅಷ್ಟೆ, ಮುಖ್ಯಸ್ಥ ಅಲ್ಲ. ಮೊದಲನೇ ಚೀಲ ನಂದು. ನಿದ್ದೆಗಣ್ಣಲ್ಲಿ ಇಟ್ಟುಬಿಟ್ಟೆ."

"ಮಿಕ್ಕವು?"

ಹಜಾರದಲ್ಲಿ ಒಬ್ಬರೂ ಉಸಿರಾಡಲಿಲ್ಲ. ಆಗ ಯಂತ್ರ ಅಲ್ಲಿದ್ದಿದ್ದರೆ ಎಲ್ಲರನ್ನೂ ಗೊಂಬೆಗಳೆಂದೇ ಎಣಿಸುತ್ತಿತ್ತು.

"ಮಿಕ್ಕವು ಅದಕ್ಕೆ ಜೊತೆಯಾಗಿ ಬಂದವು ಸಾರ್," ಎಂದ ಮಂಪರಣ್ಣ. "ವಾಚ್‌ಮನ್ನಿಂದೇನೂ ತಪ್ಪಿಲ್ಲ. ಅವರ ಕೆಲಸಕ್ಕೇನೂ ಆಗಲ್ಲ ಅಲ್ವಾ ಮೇಷ್ಟ್ರೇ?"

"ಏನಾಗುತ್ತೆ? ಯಾರು ಹಾಗಂದೋರು?" ಎಂದರು ಮೇಷ್ಟರು ತಕ್ಷಣ.

ನಿರೀಕ್ಷಕರು ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಾಗಿದ್ದರೆ ಕೆದಕುತ್ತಿದ್ದರೇನೋ. ಈಗ ಅವರಿಗೆ ಇನ್ನೂ ಎರಡು ಬೀದಿ ಉಳಿದಿದ್ದವು. "ಕಸ ಇವತ್ತು ಸಂಜೆಯೊಳಗೆ ಖಾಲಿ ಆಗಬೇಕು, ಎಲ್ಲರೂ ಸೇರಿ. ನಾಳೆಯಿಂದ ಒಂದು ವಾರ ಬೆಳಗ್ಗೆ ಹೊತ್ತು ನೀವು ಅಲ್ಲಿ ನಿಂತ್ಕೋಬೇಕು," ಎಂದರು ಮಂಪರಣ್ಣನಿಗೆ. "ಯಾರಾದ್ರೂ ಚೀಲ ತಂದ್ರೆ ಬೀದಿ ಮೂಲೆಗೆ ಕಳಿಸಬೇಕು. ಆಗುತ್ತಾ?"

"ನಿಂತ್ಕೊಳ್ಳೋದಲ್ವಾ ಸಾರ್?" ಎಂದ ಮಂಪರಣ್ಣ. "ಆಗುತ್ತೆ."

ಸಂಜೆಯೊಳಗೆ ಗುಡ್ಡೆ ಕರಗಿತು. ಹೊರುವಾಗ ಕತ್ತಲಲ್ಲಿ ಡಾಕ್ಟರು ಮೇಷ್ಟರ ಕಾಲು ತುಳಿದರು, ಮೇಷ್ಟರು ಏನೂ ಅನ್ನಲಿಲ್ಲ. ಎಂಜಿನಿಯರಮ್ಮ ಹೊರಡುವಾಗ ಡಬ್ಬಿಯನ್ನು ಬಿಚ್ಚಲಿಲ್ಲ. ಇನ್ನೊಂದು ವಾರ ಇರಲಿ, ಇಷ್ಟು ಒಳ್ಳೆಯ ಚಿತ್ರಗಳು ಕಪ್ಪು ಕೋಣೆಯಲ್ಲಿ ಸಿಗುವುದಿಲ್ಲ ಎಂದಳು.

ಮಂಪರಣ್ಣನ ಹೆಂಡತಿ ರಾತ್ರಿ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದಳು. ಮಲಗುವಾಗ, "ಎಷ್ಟು ಜನಕ್ಕೆ ಹೇಳ್ಕೊಂಡು ಬಂದೆ ಗೊತ್ತಾ ನಿಮಗೆ, ನಮ್ಮನೆಯವರು ಮುಖ್ಯಸ್ಥರು ಅಂತ?" ಎಂದಳು.

"ಹೂಂ," ಎಂದ ಮಂಪರಣ್ಣ.

"ದಿನಪೂರ್ತಿ ನಿಂತೇ ಇರ್ತೀರಾ?"

"ಹ್ಞೂಂ."

"ಒಂದು ದಿನಾನೂ ಹೇಳಲಿಲ್ಲ ನೀವು," ಎಂದು ಗೋಡೆಯ ಕಡೆ ತಿರುಗಿದಳು.

ಮರುದಿನ ಬೆಳಗ್ಗೆ ಮಂಪರಣ್ಣ ನೆಲಮಾಳಿಗೆಯಲ್ಲಿ ಪಂಪಿನ ಕೋಣೆಯ ಪಕ್ಕ ನಿಂತಿದ್ದ. ಇಲ್ಲಿ ನಿಂತು ಮುಗಿಸಿ, ಹೋಗಿ ಅಲ್ಲಿ ನಿಲ್ಲಬೇಕು. ಮೆಟ್ಟಿಲಲ್ಲಿ ಏನೋ ತಗುಲಿ ಸದ್ದಾಯಿತು. ಅವನು, "ಕಸ ಬೀದಿ ಮೂಲೆಗೆ," ಎಂದ, ಹೇಳಿಕೊಟ್ಟ ಪಾಠದಂತೆ.

"ಕಸ ಅಲ್ಲ, ಕುರ್ಚಿ," ಎಂದಿತು ಹೆಂಡತಿಯ ಧ್ವನಿ. ತಡವಿಕೊಂಡು ಬಂದು ಅವನ ಹಿಂದೆ ಇಟ್ಟಳು. "ಕೂತ್ಕೊಳ್ಳಿ."

"ನಿಂತ್ಕೊಳ್ಳಿ ಅಂದಿದ್ದಾರೆ ಕಣೇ."

"ಈ ಕತ್ತಲಲ್ಲಿ ಯಾರಿಗೆ ಕಾಣುತ್ತೆ?"

ಮಂಪರಣ್ಣ ಎದುರಿನ ಕಂಬದ ಕಡೆ ಮುಖ ಎತ್ತಿದ. "ಕಾಣುತ್ತೆ," ಎಂದ.

"ಕಾಣ್ಲಿ ಬಿಡಿ. ಕೂತ್ಕೊಳ್ಳಿ ನೀವು."

ಅವನು ಕೂತ. ಅವಳು ಪಕ್ಕದ ಪಂಪಿನ ಕಟ್ಟೆಯ ಮೇಲೆ ಕೂತು, ಅವನ ತಗ್ಗಿದ ಎಡಭುಜಕ್ಕೆ ತಲೆ ಆನಿಸಿದಳು. ಅವಳೂ ಬೇಗ ಎದ್ದವಳೇ.

ಸ್ವಲ್ಪ ಹೊತ್ತಿಗೆ ಮೇಷ್ಟರು ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಬಂದರು. ಕೈಗಳು ಬೆನ್ನ ಹಿಂದೆ ಇದ್ದವು, ಕೈಯಲ್ಲಿ ಚೀಲವಿತ್ತು. ಒಂದೇ ಒಂದು, ಸಣ್ಣದು. ಕೊನೆಯ ಮೆಟ್ಟಿಲಲ್ಲಿ ನಿಂತು ಕಿವಿಗೊಟ್ಟರು. ಕತ್ತಲೊಳಗಿಂದ ಎರಡು ಗೊರಕೆ ಬರುತ್ತಿದ್ದವು: ಒಂದು ದಪ್ಪ, ಒಂದು ತೆಳ್ಳಗೆ, ಒಂದು ಇಳಿದಾಗ ಇನ್ನೊಂದು ಏರುತ್ತಿತ್ತು. ಮನುಷ್ಯರು ಕಾವಲಿದ್ದರೆ ಮೇಷ್ಟರು ಏನಾದರೂ ಹೇಳಿ ದಾಟುತ್ತಿದ್ದರು. ನಿದ್ದೆ ಮಾಡುವವರನ್ನು ದಾಟಿ ಹೋಗಲು ಅವರಿಗೆ ಯಾಕೋ ಆಗಲಿಲ್ಲ. ಬಂದಷ್ಟೇ ಮೆತ್ತಗೆ ಮೆಟ್ಟಿಲು ಹತ್ತಿ, ಮುಂದಿನ ಗೇಟು ದಾಟಿ, ಬೀದಿ ಮೂಲೆಯ ಕಡೆ ನಡೆದರು.